ಬೀಗಿತ್ತಿಯ ಡಬ್ಬಿ ಬಟಾಣಿ

ಮೊನ್ನೆ ಮಗಳು ಬಟಾಣಿಯ ಡಬ್ಬಿಯೊಂದನ್ನು ಒಡೆದಳು. ಪಾಸ್ತಾಗೆ ಹಾಕುತ್ತಾಳಂತೆ. ಕಾಂದಿವಲಿಯ ನಮ್ಮ ಈ ಫ್ಲ್ಯಾಟಿನಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಗೋಡೆಯೇ ಇಲ್ಲ. ಮುಚ್ಚಳ ತೆರೆದ ಕೂಡಲೇ ಆ ವಾಸನೆ ನೆಟ್ಟಗೆ ನಾನು ಕೂತಲ್ಲಿಗೆ ಬಂತು. ಉಪ್ಪುನೀರಿನದು, ತಗಡಿನದು, ಮಳೆಗಾಲದಲ್ಲಿ ಒಣಗದೆ ಉಳಿದ ಬಟ್ಟೆಯದು... ಎಲ್ಲ ಸೇರಿದ ಒಂದು ಮುಗ್ಗಲು ವಾಸನೆ.

"ಆ ನೀರು ಚೆಲ್ಲವಾ. ಎರಡ ಸಲ ತೊಳಿ, ಡಬ್ಬಿ ವಾಸನಿ ಹೋಗಬೇಕು" ಎಂದು ಕೂತಲ್ಲಿಂದಲೇ ಕೂಗಿದೆ.

"ಮಮ್ಮಿ, ಆಲ್ರೆಡಿ ಸಾಫ್ ಹೈ. ನೀ ಟೆನ್ಶನ್ ಮಾಡಬ್ಯಾಡ" ಎಂದಳು. ಅವಳ ಕನ್ನಡ ಅಷ್ಟೇ, ಅರ್ಧ ದಾರಿಯಲ್ಲಿ ಹಿಂದಿಯನ್ನು ಹತ್ತಿಸಿಕೊಂಡೇ ಬರುತ್ತದೆ. ಆದರೆ ಆ ಹೊತ್ತಿಗೆ ನಾನು ಅವಳ ಮಾತು ಕೇಳುತ್ತಿರಲಿಲ್ಲ. ಎರಡು ಸಲ ತೊಳೆಯಬೇಕು ಎಂಬುದು ನನ್ನ ಮಾತೇ ಅಲ್ಲ. ಅದು ಸಾಂತಾಕ್ರೂಜಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಕ್ಕನದು.

ಧಾರವಾಡ ಬಿಟ್ಟು ಮುಂಬಯಿಗೆ ಬಂದಾಗ ನಮಗೆ ಸಿಕ್ಕಿದ್ದು ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಒಂದು ಹಳೇ ಬಿಲ್ಡಿಂಗು. ಪ್ರತಿ ಮಾಳಿಗೆಯಲ್ಲಿ ಎದುರುಬದುರು ಎರಡು ಬಾಗಿಲು, ನಡುವೆ ಕತ್ತಲು ಪ್ಯಾಸೇಜು. ಹಗಲಲ್ಲೂ ಅಲ್ಲಿ ಬಲ್ಬ್ ಹಾಕಬೇಕಿತ್ತು. ನಮ್ಮೆದುರಿನ ಬಾಗಿಲು ಅಕ್ಕನದು. ಉಡುಪಿ ಕಡೆಯವರು, ಮನೆಯಲ್ಲಿ ತುಳು. ಗಂಡ ಸ್ಟೇಷನ್ ಎದುರಿನ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ. ಇಡ್ಲಿ ದೋಸೆಯ ಹೋಟೆಲುಗಳೆಲ್ಲ ಚೈನೀಸ್ ಮಾಡಲು ಶುರು ಮಾಡಿದ್ದ ಕಾಲ ಅದು. ಬಟಾಣಿ, ಜೋಳ, ಅಣಬೆ ಎಲ್ಲ ಡಬ್ಬಿಗಳಲ್ಲಿ ಬರುತ್ತಿತ್ತು. ಆ ಡಬ್ಬಿಗಳಲ್ಲಿ ಕೆಲವು ಕೈಚೀಲದಲ್ಲಿ ಕೂತು ನಮ್ಮ ಪ್ಯಾಸೇಜಿಗೂ ಬರುತ್ತಿದ್ದವು.

ನನ್ನ ಬಾಯಿ ಮೊದಲಿಂದಲೂ ಜೋರು. ಚಳಿಗಾಲದಲ್ಲಿ ಸಾಂತಾಕ್ರೂಜ್ ಮಾರ್ಕೆಟ್ಟಿನ ತುಂಬ ಹಸಿ ಬಟಾಣಿಯ ರಾಶಿ ಬಿದ್ದಿರುತ್ತಿತ್ತು, ಈ ಮಹಾತಾಯಿ ಮಾತ್ರ ಡಬ್ಬಿ ಒಡೆಯುತ್ತಿದ್ದರು. "ಏನ್ರಿ ಅಕ್ಕಾ, ಹಸೀದು ಕಣ್ಣಮುಂದ ಇದ್ರೂ ನಿಮಗ ತಗಡಿನ ಮ್ಯಾಲ ಏನ್ ಪ್ರೀತಿರಿ?" ಎಂದು ಕಾಡಿಸುತ್ತಿದ್ದೆ. ಅವರು ನಗುತ್ತಿದ್ದರು, ಅಷ್ಟೇ. ಹಲ್ಲು ಕಾಣದ ಹಾಗೆ ನಗುವವರು.

ಆದರೆ ಆ ಡಬ್ಬಿಯ ಪಲ್ಯ ಮಾತ್ರ... ಇವತ್ತಿಗೂ ನನ್ನ ಕೈಗೆ ಪೂರ್ತಿ ಬಂದಿಲ್ಲ. ಡಬ್ಬಿಯ ನೀರು ಚೆಲ್ಲಿ, ಬಟಾಣಿಯನ್ನು ಜಾಲರಿಗೆ ಸುರಿದು ನಲ್ಲಿಯ ಕೆಳಗೆ ತೊಳೆಯುತ್ತಿದ್ದರು. ಅಲ್ಲಾಡಿಸಿ, ಮತ್ತೊಮ್ಮೆ ತೊಳೆದು, ಹಳೇ ಪಂಚೆಯ ತುಂಡಿನ ಮೇಲೆ ಹರಡುತ್ತಿದ್ದರು. ಅದು ಆರುವ ತನಕ ತೆಂಗಿನಕಾಯಿ ತುರಿಯುತ್ತಿದ್ದರು. ಬಾಣಲೆಯಲ್ಲಿ ತೆಂಗಿನೆಣ್ಣೆ ಕಾದ ಮೇಲೆ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವು. ಸಾಸಿವೆ ಸಿಡಿದು ಮುಗಿದ ಮೇಲೆಯೇ ಬಟಾಣಿ. ಎರಡು ಸಲ ಮಗುಚಿ, ಚೂರು ಬೆಲ್ಲ, ಕಾಯಿತುರಿ, ಉರಿ ಬಂದ್. ಉಪ್ಪು ಡಬ್ಬಿಯಲ್ಲೇ ಇರುತ್ತದೆ, ರುಚಿ ನೋಡದೆ ಹಾಕಬಾರದು ಎನ್ನುತ್ತಿದ್ದರು.

ನಾನೊಮ್ಮೆ ಮುಚ್ಚಿ ಬೇಯಿಸಲು ಹೋದಾಗ ಕೈ ಹಿಡಿದು ನಿಲ್ಲಿಸಿದರು. "ಇದು ಮೊದಲೇ ಬೆಂದದ್ದು ಮಾರಾಯ್ರೆ. ಪುನಃ ಬೇಯಿಸ್ಲಿಕ್ಕೆ ಹೋದ್ರೆ ಮುದ್ದೆ ಆಗ್ತದೆ. ಬರೀ ಬಿಸಿ ತೋರಿಸುದು."

ಬರುಬರುತ್ತ ನಾನು ಒಂದು ವಿಷಯ ಗಮನಿಸಿದೆ. ಮಕ್ಕಳಿಲ್ಲದ ಮನೆ. ಗಂಡ ಊಟ ಮಾಡುವುದು ಹೋಟೆಲಿನಲ್ಲಿ. ಆದರೂ ಪಲ್ಯವಾದ ಮೇಲೆ ಒಂದು ಸಣ್ಣ ಬಟ್ಟಲಲ್ಲಿ ತೆಗೆದು, ಕೋಣೆಯ ಮೂಲೆಯಲ್ಲಿಟ್ಟು, ಬಾಗಿಲು ಎಳೆದುಕೊಂಡು ಬರುತ್ತಿದ್ದರು. ದೇವರಿಗಿರಬೇಕೆಂದು ನಾನು ಸುಮ್ಮನಿದ್ದೆ. ಒಂದು ದಿನ ಒಗ್ಗರಣೆಗೆ ಇನ್ನೊಂದು ಮೆಣಸು ಮುರಿದು ಹಾಕುತ್ತಾ ತಮಗೆ ತಾವೇ ಎನ್ನುವಂತೆ ಅಂದರು: "ಈಗ ಖಾರ ತಿಂತಾಳೆ. ಮೊದಲು ಮೆಣಸು ಹಾಕಿದ್ರೆ ಮುಟ್ಟುತ್ತಿರಲಿಲ್ಲ."

ಯಾರು ಎಂದು ಕೇಳಿದೆ. "ಮಗಳು" ಎಂದರು. ಎಷ್ಟು ಸಹಜವಾಗಿ ಎಂದರೆ, ಶಾಲೆಗೆ ಹೋಗಿದ್ದಾಳೆ, ಇನ್ನೇನು ಬರುತ್ತಾಳೆ ಎನ್ನುವ ಹಾಗೆ.

ಮಗು ಸತ್ತಿತ್ತು. ನಾವು ಆ ಬಿಲ್ಡಿಂಗಿಗೆ ಬರುವುದಕ್ಕಿಂತ ಎಷ್ಟೋ ಮೊದಲು, ಇನ್ನೂ ಸರಿಯಾಗಿ ಹಲ್ಲು ಬರುವ ಮುಂಚೆ. ಅನ್ನ ಸೇರದ ಆ ಕೂಸು, ಅಣ್ಣ ಹೋಟೆಲಿನಿಂದ ತಂದ ಡಬ್ಬಿಯ ಬಟಾಣಿಯನ್ನು ಸಿಪ್ಪೆ ಬಿಡಿಸಿ, ಹೆಬ್ಬೆರಳಲ್ಲಿ ಒತ್ತಿ ಬಾಯಿಗಿಟ್ಟರೆ ಮಾತ್ರ ನುಂಗುತ್ತಿತ್ತಂತೆ. ಅಕ್ಕನ ಕಡೆಯವರಲ್ಲಿ ಹೋದ ಮಕ್ಕಳು ಹೋದ ವಯಸ್ಸಿನಲ್ಲೇ ನಿಲ್ಲುವುದಿಲ್ಲ. ನಮ್ಮ ಹಾಗೆಯೇ ಅಲ್ಲೂ ಬೆಳೆಯುತ್ತಾರೆ, ಹಸಿಯುತ್ತಾರೆ. ಅವರಿಗೆ ಎಲೆ ಹಾಕಿ ಬಡಿಸಬೇಕು. ಮುಖ್ಯವಾಗಿ ಆಟಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಮಳೆಯ ಹೊತ್ತಿಗೆ.

"ಅವಳು ತಿಂದದ್ದು ಡಬ್ಬಿಯದ್ದೇ ಅಲ್ವಾ. ಬೇರೆ ರುಚಿ ಅವಳಿಗೆ ಎಲ್ಲಿಂದ ಗೊತ್ತು?" ಎಂದರು. ಆಮೇಲೆ ನಾನು ಹಸಿ ಬಟಾಣಿಯ ಮಾತೆತ್ತಲಿಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದರೆ, "ಪಾಪ, ತಲಿ ಕೆಟ್ಟದ" ಎಂದು ಪೇಪರ್ ತಿರುವಿದರು. ತಲೆ ಕೆಟ್ಟವರು ಅಷ್ಟು ಹದವಾಗಿ ಒಗ್ಗರಣೆ ಹಾಕುತ್ತಾರೆಯೇ? ನಾನು ಹೋಗುವುದು ಬಿಡಲಿಲ್ಲ. ಹೆದರಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಮಾತ್ರ ಕೂರುತ್ತಿರಲಿಲ್ಲ.

ಹೀಗೇ ವರ್ಷಗಳು ಹೋದವು. ಒಂದು ಮಧ್ಯಾಹ್ನ ಹೋದಾಗ ಒಲೆಯ ಮೇಲೆ ಬಟಾಣಿಯ ಬಾಣಲೆಯ ಪಕ್ಕ ಇನ್ನೊಂದು ಬಾಣಲೆ. ಅದರಲ್ಲಿ ಡಬ್ಬಿಯ ಸಿಹಿ ಜೋಳ. ಇದ್ಯಾರಿಗೆ ಅಕ್ಕಾ, ನನಗೇನು ಎಂದು ನಗಾಡಿದೆ. ಅಕ್ಕ ನಗಲಿಲ್ಲ. ಸೌಟು ಕೆಳಗಿಟ್ಟು ನನ್ನ ಮುಖ ನೋಡಿದರು.

"ನಿಮ್ಮ ಮಗನಿಗೆ ಬಟಾಣಿ ಸೇರುದಿಲ್ಲ. ಜೋಳ ಅಂದ್ರೆ ಪ್ರಾಣ."

ನನಗಿರುವುದು ಒಬ್ಬಳೇ ಮಗಳು. ಮುಂಬಯಿಗೆ ಗೊತ್ತಿದ್ದದ್ದು ಅಷ್ಟೇ. ಅದಕ್ಕೂ ಮೊದಲು ಧಾರವಾಡದ ಆಸ್ಪತ್ರೆಯಲ್ಲಿ ಒಂದು ಗಂಡು ಹುಟ್ಟಿ, ಸಂಜೆಯಾಗುವುದರೊಳಗೆ ಹೋಗಿತ್ತು. ಅತ್ತೆಯವರು ಅರಿವೆಯಲ್ಲಿ ಸುತ್ತಿ ಹೊರಗೆ ಒಯ್ದರು. ಮುಖ ನೋಡಿದರೆ ಮನಸ್ಸಿಗೆ ಹತ್ತುತ್ತದೆ ಎಂದು ನನಗೆ ತೋರಿಸಲಿಲ್ಲ. ಹೆಸರಿಡಲಿಲ್ಲ. ಮನೆಯಲ್ಲಿ ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಮಗಳಿಗೇ ಗೊತ್ತಿರಲಿಲ್ಲ ಎಂದ ಮೇಲೆ ಎದುರಿನ ಮನೆಯವರಿಗೆ ಹೇಗೆ ಗೊತ್ತಾಗಬೇಕು!

ಮೈಯೆಲ್ಲ ಉರಿಯಿತು. "ಅಂಥಾ ಮಾತು ಆಡಬ್ಯಾಡ್ರಿ, ಚಲೋ ಅಲ್ಲ" ಎಂದು ಎದ್ದು ಬಂದೆ. ಬಾಗಿಲು ಬಡಿದುಕೊಂಡೆ. ನಮ್ಮವರು "ನೀನ ಯಾವಾಗರೆ ಹೇಳಿರ್ತಿ, ಮರತಿರ್ತಿ" ಎಂದರು. ನಾನು ಹೇಳಿರಲಿಲ್ಲ. ಕೆಲವು ಮಾತು ಆಡಿದ್ದರೆ ಬಾಯಿಗೆ ನೆನಪಿರುತ್ತದೆ.

ಎಷ್ಟೋ ದಿನ ಅತ್ತ ಹೋಗಲಿಲ್ಲ. ಆದರೆ ಪ್ಯಾಸೇಜಿನಲ್ಲಿ ಕಾಲಿಟ್ಟಾಗಲೆಲ್ಲ ಯಾರೋ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ ಹಾಗೆ... ಕರೆಂಟ್ ಹೋದಾಗ ಅಲ್ಲಿ ನಿಂತು ಕಿವಿಗೊಡುವುದು ರೂಢಿಯಾಯಿತು. ಕೊನೆಗೆ ಸಿಟ್ಟಿಗಿಂತ ಇನ್ನೊಂದು ದೊಡ್ಡದಾಯಿತು. ಒಂದು ದಿನ ಅಕ್ಕನ ಬಾಗಿಲು ತಳ್ಳಿದೆ. ಕುಶಲ ಗಿಶಲ ಏನೂ ಕೇಳಲಿಲ್ಲ.

"ಹೆಂಗದಾನ್ರಿ ಅಂವ?" ಎಂದೆ. ಎಂದವಳೇ ಅತ್ತುಬಿಟ್ಟೆ.

ಅಕ್ಕ ನನ್ನನ್ನು ಅಳಲು ಬಿಟ್ಟರು. ಆಮೇಲೆ ಹೇಳಿದರು. ಎತ್ತರ ಇದ್ದಾನೆ, ಕೂದಲು ಗುಂಗುರು. ಎಡಗೈಯಲ್ಲಿ ತಿನ್ನುತ್ತಾನೆ. ಮಾತು ಕಡಿಮೆ. ಬಹಳ ಹೊತ್ತು ಪ್ಯಾಸೇಜಿನಲ್ಲೇ ಇರುತ್ತಾನೆ, ತಮ್ಮ ಮಗಳೇ ಅವನನ್ನು ಊಟಕ್ಕೆ ಒಳಗೆ ಕರೆತಂದದ್ದು. ನಮ್ಮ ಮನೆಗೆ ಯಾಕೆ ಬರುವುದಿಲ್ಲ ಎಂದು ಕೇಳಿದೆ.

"ಹೆಸರಿಟ್ಟು ಕರೆದವರು ಯಾರುಂಟು?" ಎಂದರು.

ನನ್ನ ಅಪ್ಪನ ಕೂದಲು ಗುಂಗುರಾಗಿತ್ತು. ಅವರ ಫೋಟೋ ಕೂಡ ಮುಂಬಯಿಯ ನಮ್ಮ ಮನೆಯಲ್ಲಿರಲಿಲ್ಲ.

ಆ ವರ್ಷದ ಮಳೆಗಾಲಕ್ಕೆ ಮುಂಚೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಡಾಕ್ಟರು ಬಹಳ ಆಸೆ ಕೊಡಲಿಲ್ಲ. ಅಕ್ಕನಿಗೆ ಸಾವಿನ ಚಿಂತೆ ಇರಲಿಲ್ಲ, ಚಿಂತೆಯೆಲ್ಲ ಒಂದೇ: ತಾನು ಹೋದ ಮೇಲೆ ಮಗಳಿಗೆ ಬಡಿಸುವವರು ಯಾರು? ಗಂಡನಿಗೆ ಆ ಲೋಕವೇ ಕಾಣದು. ಮಗು ಹೋದ ಮೇಲೆ ಅದರ ಬಗ್ಗೆ ಒಂದು ಮಾತನ್ನೂ ಆಡಿದ ಮನುಷ್ಯ ಅಲ್ಲ. ಡಬ್ಬಿ ತಂದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗುವುದು, ಅಷ್ಟೇ ಅವರ ಪಾಲು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಲ್ಲಿಗೇ ಹೊಂಟೀರಲ್ಲ ಅಕ್ಕಾ, ನೀವ ನೋಡಕೋಬಹುದಲ್ಲ" ಎಂದೆ.

"ಅಲ್ಲಿ ಒಲೆ ಇಲ್ಲ ಮಾರಾಯ್ರೆ" ಎಂದರು.

ದಾರಿ ಒಂದೇ ಇತ್ತು. ಮಗಳಿಗೆ ಮದುವೆ ಮಾಡಬೇಕು. ಅವರ ಕಡೆ ಹಾಗೆ ಉಂಟು. ಬದುಕಿರುವವರ ಮದುವೆ ಆಟಿಯಲ್ಲಿ ಮಾಡುವುದಿಲ್ಲ, ಹೋದವರ ಮದುವೆ ಮಾಡುತ್ತಾರೆ. ಎಲ್ಲೋ ಒಂದು ಮನೆಯಲ್ಲಿ ಹೋದ ಗಂಡನ್ನು ಹುಡುಕಿ, ಶಾಸ್ತ್ರವಾಗಿ ಕೇಳಿ, ಒಪ್ಪಿಸುತ್ತಾರೆ. ಆಮೇಲೆ ಹುಡುಗಿ ಗಂಡಿನ ಮನೆಯವಳು. ಬಡಿಸುವ ಭಾರ ಆ ಮನೆಯದು. ಅಕ್ಕನ ಮೈದುನ ಊರಿನಿಂದ ಫೋನ್ ಮಾಡಿ, ತಮ್ಮ ಜಾತಿಯಲ್ಲೇ, ಬಳಿ, ಅಂದರೆ ಅವರ ಗೋತ್ರ, ಎಲ್ಲ ಕೂಡಿಬರುವ ಒಂದು ಸಂಬಂಧ ನೋಡಿದ್ದೇವೆ ಎಂದರು.

ಆ ಫೋನ್ ಬಂದ ದಿನ ನಾನು ಅಲ್ಲೇ ಇದ್ದೆ. ಅಕ್ಕ ಫೋನಿಟ್ಟು ಬಾಣಲೆಗೆ ಸಾಸಿವೆ ಹಾಕಿದರು. ಎಣ್ಣೆ ಹೊಗೆಯಾಡುತ್ತಿತ್ತು. ಸಾಸಿವೆ ಸಿಡಿಯಲಿಲ್ಲ. ಕಾದ ಎಣ್ಣೆಯಲ್ಲಿ ಸುಮ್ಮನೆ ಬಿದ್ದಿತ್ತು. ಇಬ್ಬರೂ ನೋಡುತ್ತಾ ನಿಂತೆವು. ಕಪ್ಪಾಗಿ, ಕರಕಲಾಗಿ, ಸುಟ್ಟ ವಾಸನೆ ಬಂದರೂ ಒಂದೇ ಒಂದು ಕಾಳು ಚಟ್ ಎನ್ನಲಿಲ್ಲ.

"ನೋಡಿದ್ರಾ, ಒಪ್ಪುದಿಲ್ಲ ಅವಳು" ಎಂದು ಅಕ್ಕ ಒಲೆ ಆರಿಸಿದರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕೈ ಅಷ್ಟು ಸಣಕಲಾಗಿದ್ದು ನನಗೆ ಆಗಲೇ ಗೊತ್ತಾದದ್ದು. "ಅವಳು ನೋಡಿಕೊಂಡವ ಎದುರು ಮನೆಯಲ್ಲೇ ಉಂಟಲ್ಲ. ಜಾತಿ ಬೇರೆ, ಊರು ಬೇರೆ, ನಂಗೆ ಗೊತ್ತುಂಟು. ನಮ್ಮವರು ಬೈತಾರೆ. ಆದ್ರೂ ಕೇಳ್ತೇನೆ. ಕೊಡ್ತೀರಾ?"

ಏನು ಹೇಳಲಿ ನಾನು! ನಮ್ಮಲ್ಲಿ ಈ ಪದ್ಧತಿಯೇ ಇಲ್ಲ. ಕೇಳಿದವರು ನನ್ನನ್ನೂ ಹುಚ್ಚಿ ಎನ್ನುತ್ತಾರೆ. ಹೂಂ ಎಂದರೆ ಬದುಕಿರುವಷ್ಟು ಕಾಲ ಬಡಿಸಬೇಕು, ಒಂದು ಆಟಿಯೂ ತಪ್ಪುವ ಹಾಗಿಲ್ಲ. ಮನೆಯಲ್ಲಿ ಬೆಳೆಯುವ ಮಗಳಿದ್ದಾಳೆ, ಅವಳ ನೆರಳಲ್ಲಿ ಈ ಇಬ್ಬರನ್ನು ತಂದಿಟ್ಟುಕೊಳ್ಳಲೇ ಎಂದು ಹೆದರಿಕೆ. ಆದರೆ ಹುಟ್ಟಿದಾಗಿನಿಂದ ಅವನಿಗಾಗಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಒಬ್ಬರು ನನ್ನ ಮಗನನ್ನು ಅಳಿಯನಾಗಿ ಕೇಳುತ್ತಿದ್ದರು. ಹೂಂ ಎಂದೆ. ನಮ್ಮವರು ಎರಡು ದಿನ ಹಾರಾಡಿದರು, ಮೂರನೆಯ ದಿನ ತಾವೇ ಹೋಗಿ ಒಂದು ಜರಿಯಂಚಿನ ಧೋತರ ತಂದಿಟ್ಟರು.

ಆಟಿಯ ಒಂದು ಮಧ್ಯಾಹ್ನ, ಜೋರು ಮಳೆ. ಅಕ್ಕನ ಕೋಣೆಯಲ್ಲಿ ಗೋಡೆಗೊಂದು, ಕಿಟಕಿಗೊಂದು, ದೂರದೂರ ಎರಡು ಮಣೆ. ಒಂದರ ಮೇಲೆ ಹಸಿರು ರೇಷ್ಮೆ ಸೀರೆ, ಕರಿಮಣಿ, ಬಳೆ. ಇನ್ನೊಂದರ ಮೇಲೆ ಧೋತರ, ಶಲ್ಯ. ಭಟ್ಟರಿಲ್ಲ, ವಾಲಗವಿಲ್ಲ. ಅಕ್ಕನಿಗೆ ನಿಲ್ಲಲು ಆಗುತ್ತಿರಲಿಲ್ಲ, ಸ್ಟೂಲಿನ ಮೇಲೆ ಕೂತೇ ಒಗ್ಗರಣೆ ಹಾಕಿದರು. ಸಾಸಿವೆ ಪಟಪಟ ಸಿಡಿದು ಗೋಡೆಗೆಲ್ಲ ಹಾರಿತು. ಬಟಾಣಿ, ಜೋಳ ಎರಡನ್ನೂ ಒಂದೇ ಬಾಣಲೆಗೆ ಸುರಿದು ಸೌಟನ್ನು ನನ್ನ ಕೈಗೆ ಕೊಟ್ಟರು. "ಇನ್ನು ನೀವು ಬಡಿಸಿ. ಕರೀರಿ ಅವನನ್ನು."

ಕರೆದೆ. ಆ ಹೆಸರನ್ನು ಆಸ್ಪತ್ರೆಯ ಮಂಚದ ಮೇಲೆಯೇ ಮನಸ್ಸಿನಲ್ಲಿ ಇಟ್ಟಿದ್ದೆ, ಬಾಯಿಗೆ ಬಂದದ್ದು ಅಂದೇ. ಇಲ್ಲಿ ಬರೆಯುವುದಿಲ್ಲ.

ಎಲೆಗಳಿಗೆ ಬಡಿಸಿ, ಕೋಣೆಯ ಬಾಗಿಲೆಳೆದು ಅಕ್ಕ, ಅಣ್ಣ, ನಮ್ಮವರು, ನಾನು ನಾಲ್ವರೂ ಹೊರಗೆ ನಿಂತೆವು. ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಮರ ನೆಲಕ್ಕೆ ಉಜ್ಜಿದ ಸದ್ದು, ಯಾರೋ ಮಣೆ ಎಳೆದುಕೊಂಡ ಹಾಗೆ. ಅಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಬಾಗಿಲು ತೆರೆದಾಗ ಎರಡೂ ಮಣೆ ಒಂದಕ್ಕೊಂದು ತಾಗಿಕೊಂಡಿದ್ದವು. ನೆಲ ಒದ್ದೆಯಾಗಿತ್ತು, ಜಾರಿರಬೇಕು ಎಂದರು ನಮ್ಮವರು. ಇರಬಹುದು...

ಅದಾದ ಮೇಲೆ ಅಕ್ಕ ಬಟಾಣಿಯ ಡಬ್ಬಿ ಮುಟ್ಟಲಿಲ್ಲ. ಇದ್ದಬದ್ದ ಡಬ್ಬಿಯನ್ನೆಲ್ಲ ನಮ್ಮ ಮನೆಗೆ ಕಳಿಸಿದರು, ತವರಿನ ಬಳುವಳಿ ಅಂತೆ. ನನ್ನನ್ನು ನಗುತ್ತಾ ಬೀಗಿತ್ತಿ ಎಂದು ಕರೆದರು. ನಾನು ಕಂಡಾಗಲೆಲ್ಲ ತಮ್ಮ ಮಗಳು ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ನಿಮಗೆ ಕಾಣುತ್ತದಲ್ಲ, ನನ್ನನ್ನೇನು ಕೇಳುತ್ತೀರಿ ಎಂದೆ ಒಂದು ದಿನ.

"ಈಗ ಕಾಣುದಿಲ್ಲ. ಕೊಟ್ಟ ಮೇಲೆ ಕಾಣುದಿಲ್ಲ" ಎಂದರು. ಹಾಗಾಗುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟಿದ್ದರು. ನಾನಂತೂ ಎಂದೂ ಏನೂ ಕಂಡವಳಲ್ಲ. ಆದರೂ "ಆರಾಮ ಇದ್ದಾಳ್ರಿ, ನಗನಗತಾ ಇದ್ದಾಳ" ಎಂದೆ. ಅಕ್ಕ ಕಣ್ಣು ಮುಚ್ಚಿ ಕೇಳಿಸಿಕೊಂಡರು. ದೀಪಾವಳಿ ನೋಡಲಿಲ್ಲ ಅವರು.

ಅಣ್ಣ ಊರಿಗೆ ಹೋದರು. ಬಿಲ್ಡಿಂಗ್ ಒಡೆದರು. ನಾವು ಕಾಂದಿವಲಿಗೆ ಬಂದೆವು. ಆಟಿಯಲ್ಲಿ ನಾನು ಎರಡು ಎಲೆ ಹಾಕುವುದು ಬಿಟ್ಟಿಲ್ಲ. ಇಲ್ಲಿ ಪ್ಯಾಸೇಜಿನ ತುಂಬ ಟ್ಯೂಬ್‌ಲೈಟು, ಕ್ಯಾಮೆರಾ. ಆ ಇಬ್ಬರು ದಾರಿ ಹೇಗೆ ಕಂಡುಕೊಂಡರೋ. ಮೊದಲೆರಡು ವರ್ಷ ಅಕ್ಕನಿಗೂ ಒಂದು ಎಲೆ ಹಾಕಿ ನೋಡಿದೆ. ಹಾಕಿದ್ದು ಹಾಕಿದ ಹಾಗೇ ತಣ್ಣಗೆ ಕೂತಿರುತ್ತಿತ್ತು. ಬೀಗರ ಮನೆಯಲ್ಲಿ ಉಣ್ಣಲು ಸಂಕೋಚವೋ ಏನೋ. ಬಿಟ್ಟುಬಿಟ್ಟೆ.

ಮೊನ್ನೆ ಮಗಳು ಪಾಸ್ತಾಕ್ಕೆ ಅರ್ಧ ಬಟಾಣಿ ಬಳಸಿ ಉಳಿದರ್ಧ ಫ್ರಿಜ್ಜಿನಲ್ಲಿಟ್ಟಿದ್ದಳು. ಹೇಗೂ ಆಟಿ ನಡೆಯುತ್ತಿದೆ. ನಿನ್ನೆ ಅದನ್ನೇ ತೊಳೆದು, ಒಂದು ಜೋಳದ ಡಬ್ಬಿ ಒಡೆದು, ಒಗ್ಗರಣೆ ಹಾಕಿ, ಬೆಡ್‌ರೂಮಿನಲ್ಲಿ ಎರಡು ಎಲೆಗೆ ಬಡಿಸಿ ಬಾಗಿಲೆಳೆದೆ. ತೆರೆದಾಗ ಹುಡುಗಿಯ ಎಲೆಯ ತುದಿಯಲ್ಲಿ ಕೆಲವು ಬಟಾಣಿ ಬೇರೆಯಾಗಿ ಇದ್ದವು. ಸಿಪ್ಪೆ ಬಿಡಿಸಿದ್ದವು. ಒಂದೊಂದೂ, ಅಕ್ಕ ತಮ್ಮ ಕೂಸಿಗೆ ಮಾಡಿಕೊಡುತ್ತಿದ್ದ ಹಾಗೆ, ಹೆಬ್ಬೆರಳಲ್ಲಿ ಒತ್ತಿದಂತೆ ಚಪ್ಪಟೆಯಾಗಿದ್ದವು. ಸಿಪ್ಪೆಗಳೆಲ್ಲ ಪಕ್ಕದಲ್ಲಿ ಒಂದು ಗುಡ್ಡೆ.

"ಇಲಿ ಇರಬೇಕು" ಎಂದರು ನಮ್ಮವರು.

"ಇಲಿ ಸಿಪ್ಪಿ ಸುಲದು ಗುಡ್ಡಿ ಹಾಕತದೇನ್ರಿ?" ಎಂದೆ. ನಾನು ಆ ಎಲೆಯ ಮುಂದೆ ಕೂತು ಬಹಳ ಹೊತ್ತು ನೋಡಿದೆ. ಹೆದರಿಕೆಯಾಯಿತು, ಹೌದು. ಆದರೆ ಖುಷಿಯೂ ಆಯಿತು, ಅದನ್ನು ಯಾರಿಗೆ ಹೇಳಲಿ? ಇಂಥ ಸುದ್ದಿ ಮೊದಲು ಹೇಳಬೇಕಾದದ್ದು ಹುಡುಗಿಯ ತಾಯಿಗೆ. ಆ ತಾಯಿ ಇಲ್ಲ.

ಇವತ್ತು ಬೆಳಿಗ್ಗೆ ಊರಿಗೆ, ಅಣ್ಣನಿಗೆ ಫೋನ್ ಮಾಡಿದೆ. ತುಂಬ ಮುದುಕರಾಗಿದ್ದಾರೆ, ಕಿವಿ ಮಂದ. ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಬಟಾಣಿ, ಸಿಪ್ಪೆ, ಎಲ್ಲ ಹೇಳಿದೆ. ಬೈಯುತ್ತಾರೆ, ಇಲ್ಲವೇ ಫೋನಿಡುತ್ತಾರೆ ಎಂದುಕೊಂಡೆ.

"ಗಂಡಾ, ಹೆಣ್ಣಾ ಅಮ್ಮಾ?" ಎಂದರು.

ನನಗೆ ಕಾಣುವುದಿಲ್ಲ ಅಣ್ಣಾ, ಗೊತ್ತಿಲ್ಲ ಎಂದೆ. ಅವರು ಅಳುತ್ತಿದ್ದರು.